ಗೂಬೆ ಕೂತ ನಾಣ್ಯ

ಮೊನ್ನೆ ಚಿಲ್ಲರೆಯ ಜೊತೆ ಒಂದು ಯೂರೋ ನಾಣ್ಯ ಬಂತು. ತಿರುಗಿಸಿ ನೋಡಿದರೆ ಗೂಬೆ! ಗ್ರೀಸ್ ದೇಶದ್ದು. ನಾನಿರುವುದು ಜರ್ಮನಿಯಲ್ಲಿ. ಎಷ್ಟು ಗಡಿ ದಾಟಿ ಬಂತೋ ಏನೋ, ದಾರಿಯಲ್ಲಿ ಯಾರೂ ಅದರಿಂದ ಕಮಿಷನ್ ಕಿತ್ತಿರಲಿಲ್ಲ. ಅದೇ ವಾರ ಅಪ್ಪನಿಗೆ ದುಡ್ಡು ಕಳಿಸಿದ್ದೆ. ಶುಲ್ಕ ಬೇರೆ, ದರದಲ್ಲಿ ಕಡಿತ ಬೇರೆ. ಜಗತ್ತಿಗೆಲ್ಲ ಒಂದೇ ದುಡ್ಡು ಇರಬಾರದಿತ್ತಾ ಅನ್ನಿಸಿತು.

ಆದರೆ ಆ ಗೂಬೆಯನ್ನೇ ನೋಡುತ್ತಿದ್ದರೆ 2015 ನೆನಪಾಗುತ್ತದೆ. ಆಗ ಸಾಲದಲ್ಲಿ ಮುಳುಗಿದ್ದ ಗ್ರೀಸ್‌ನ ಬ್ಯಾಂಕುಗಳಿಗೆ ಮೂರು ವಾರ ಬೀಗ. ಎಟಿಎಂನಿಂದ ದಿನಕ್ಕೆ 60 ಯೂರೋ, ಅಷ್ಟೇ. ಯೂರೋ ಬದಲು ತನ್ನದೇ ದುಡ್ಡಿದ್ದಿದ್ದರೆ ಅದರ ಬೆಲೆ ಇಳಿಸಿ ಸ್ವಲ್ಪ ಉಸಿರಾಡಬಹುದಿತ್ತು. 1991ರಲ್ಲಿ ರೂಪಾಯಿಗೆ ನಾವು ಮಾಡಿದ್ದೂ ಅದನ್ನೇ ಅಲ್ವಾ? ಗ್ರೀಸ್‌ಗೆ ಆ ದಾರಿ ಇರಲಿಲ್ಲ. ಬಡ್ಡಿ ದರ ನಿರ್ಧಾರವಾಗುವುದು ಯೂರೋದ ಕೇಂದ್ರ ಬ್ಯಾಂಕ್ ಇರುವ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ. ಇಲ್ಲಿ ಎಲ್ಲರೂ ಗ್ರೀಕರ ಮೇಲೇ ಗೂಬೆ ಕೂರಿಸುತ್ತಿದ್ದರು. "ಅವರ ಸಾಲ ನಾವ್ಯಾಕೆ ತೀರಿಸಬೇಕು?" ಅಂದ ನನ್ನ ಸಹೋದ್ಯೋಗಿ, ಕಾಫಿ ಕಲಕುತ್ತಾ.

ಆವತ್ತು ನನಗೆ ನಮ್ಮ ರೂಪಾಯಿಯ ಮೇಲೆ ಎಲ್ಲಿಲ್ಲದ ಅಭಿಮಾನ ಬಂತು. ಇಷ್ಟೊಂದು ಭಾಷೆ, ಇಷ್ಟೊಂದು ರಾಜ್ಯ, ಒಂದೇ ದುಡ್ಡು. ಸುಮ್ನೆ ನಡೆಯುತ್ತಿಲ್ಲ ಅದು. ಕೇಂದ್ರ ತೆರಿಗೆ ವಸೂಲಿ ಮಾಡಿ ರಾಜ್ಯಗಳಿಗೆ ಹಂಚುತ್ತದೆ, ಬಡ ರಾಜ್ಯಕ್ಕೆ ಜಾಸ್ತಿ ಪಾಲು. ಯೂರೋ ಹಿಂದೆ ಹೇಳಿಕೊಳ್ಳುವಂಥ ಖಜಾನೆಯೇ ಇಲ್ಲ. ಇನ್ನು ಇಡೀ ಜಗತ್ತಿಗೆ ಅಂಥದ್ದನ್ನು ಯಾರು ಕಟ್ಟುತ್ತಾರೆ, ಬೀಗದ ಕೈ ಯಾರ ಹತ್ತಿರ?

ಬೀಗದ ಕೈ ಒಮ್ಮೆ ನಮ್ಮ ಹತ್ತಿರವೇ ಇತ್ತು. ಕೊಲ್ಲಿ ನಾಡುಗಳಲ್ಲಿ ಓಡಾಡುತ್ತಿದ್ದದ್ದು ನಮ್ಮ ರೂಪಾಯಿ. 1959ರಲ್ಲಿ ಅವರಿಗೆಂದೇ ರಿಸರ್ವ್ ಬ್ಯಾಂಕ್ ಬೇರೆ ನೋಟು ತಂದಿತು, ಬೆಲೆ ಮಾತ್ರ ನಮ್ಮ ರೂಪಾಯಿಯದ್ದೇ. 1966ರಲ್ಲಿ ದೆಹಲಿ ರೂಪಾಯಿಯ ಬೆಲೆ ಇಳಿಸಿದ್ದೇ ತಡ, ಅಲ್ಲಿನವರ ಜೇಬಿನ ದುಡ್ಡಿನ ಬೆಲೆಯೂ ಇಳಿಯಿತು. ಅದೇ ವರ್ಷ ಕತಾರ್, ದುಬೈ ರೂಪಾಯಿಯನ್ನು ಕೈಬಿಟ್ಟವು. ತಪ್ಪೇನಿದೆ?

ಆದ್ದರಿಂದ ಜಗತ್ತಿಗೆ ಒಂದೇ ದುಡ್ಡು ಆಗದ ಮಾತು ಅಂತಲೇ ನನ್ನ ಅನಿಸಿಕೆ. ಹಾಂ, ಅಷ್ಟೆಲ್ಲ ಅನುಭವಿಸಿಯೂ ಗ್ರೀಸ್ ಯೂರೋ ಬಿಡಲಿಲ್ಲ. ಅದು ನಿಜ. ಇನ್ನೂ ಒಂದು ಒಪ್ಪಿಕೊಳ್ಳಬೇಕು. ತೆರಿಗೆ ಪಾಲಿನ ಜಗಳ ಎದ್ದಾಗಲೆಲ್ಲ "ನಮ್ಮ ದುಡ್ಡು ಅವರಿಗ್ಯಾಕೆ?" ಅಂತ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಬರೆದವನು ನಾನೇ. ಕಾಫಿ ಕಲಕುತ್ತಿದ್ದೆನೋ ಇಲ್ಲವೋ ನೆನಪಿಲ್ಲ.