ಬಳ್ಳಾರಿ ಜೀನ್ಸಿಗೊಂದು ಕಪಾಟು

ಇಂಗ್ಲೆಂಡಿನ ವಿಂಚೆಸ್ಟರ್ ಕಲಾಶಾಲೆ ಸೌತಾಂಪ್ಟನ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅಲ್ಲಿನ ಗ್ರಂಥಾಲಯದಲ್ಲಿ ಹೆಣಿಗೆಗೆಂದೇ ಒಂದು ಸಂಗ್ರಹವಿದೆ. ಸ್ವೆಟರ್, ಕಾಲುಚೀಲ, ಕುಲಾವಿ ಹೆಣೆಯುವುದನ್ನು ಹೇಳಿಕೊಡುವ ಹಳೆಯ ಕೈಪಿಡಿಗಳು, ಪತ್ರಿಕೆಗಳು, ಮಾದರಿ ಹಾಳೆಗಳು. ನಮ್ಮ ಮನೆಗಳಲ್ಲಾಗಿದ್ದರೆ ರದ್ದಿಯವನ ತಕ್ಕಡಿ ಸೇರುತ್ತಿದ್ದವು. ಇದರಲ್ಲೊಂದು ಪಾಲು ರಿಚರ್ಡ್ ರಟ್ ಕೂಡಿಟ್ಟದ್ದು. ಅವರು ಲೆಸ್ಟರಿನ ಬಿಷಪ್ ಆಗಿದ್ದವರು, ಕೈಹೆಣಿಗೆಯ ಇತಿಹಾಸ ಬರೆದವರು. (ನಮ್ಮ ಸ್ವಾಮಿಗಳೊಬ್ಬರು ಹೆಣಿಗೆ ಕಡ್ಡಿ ಹಿಡಿದು ಕೂತರೆ ಭಕ್ತರು ಏನೆನ್ನುತ್ತಿದ್ದರೋ!) ಅವರ ವಿಕ್ಟೋರಿಯಾ ಕಾಲದ ಕೈಪಿಡಿಗಳನ್ನು ಈಗ ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಬಹುದು.

ಬಳ್ಳಾರಿಯವನಾದ ನನಗೆ ಇದನ್ನು ಕಂಡರೆ ಹೊಟ್ಟೆಕಿಚ್ಚು. ನಮ್ಮೂರ ಜೀನ್ಸ್ ಘಟಕಗಳಲ್ಲಿ ಕಟಿಂಗ್ ಮಾಸ್ಟರ್ ತಲೆಯ ಮೇಲೆ ಮೊಳೆಗೆ ತೂಗುಹಾಕಿದ ದಪ್ಪ ರಟ್ಟಿನ ಪ್ಯಾಟರ್ನ್‌ಗಳು, ಅಂದರೆ ಬಟ್ಟೆ ಕತ್ತರಿಸುವ ಅಳತೆಯ ಮಾದರಿಗಳು, ಇರುತ್ತವೆ. ಅಂಚು ಸೀಮೆಸುಣ್ಣ ತಾಗಿ ತಾಗಿ ನೀಲಿ, ಬಿಳಿ. ಮೂಲೆಯಲ್ಲಿ ಪೆನ್ನಿನಿಂದ ಬರೆದ 30, 32, 34. ಬೆಲ್‌ಬಾಟಮ್ ಹೋಗಿ ಬ್ಯಾಗಿ ಬಂದದ್ದು, ಬ್ಯಾಗಿ ಹೋಗಿ ಕಾಲಿಗಂಟುವ ಪ್ಯಾಂಟು ಬಂದದ್ದು ಎಲ್ಲ ಆ ರಟ್ಟಿನಲ್ಲೇ ದಾಖಲಾಗುತ್ತದೆ. ಫ್ಯಾಷನ್ ಬದಲಾದೊಡನೆ ರಟ್ಟು ಒಲೆಗೆ. "ಇಟ್ಟುಕೊಂಡು ಏನು ಮಾಡುವುದಣ್ಣಾ, ಜಾಗ ಎಲ್ಲಿದೆ?" ಎಂದು ಮಾಸ್ಟರೊಬ್ಬರು ನನ್ನನ್ನೇ ಕೇಳಿದರು. ಅವರ ಮಾತು ನಿಜ. ಜಾಗ ಇರುವುದು ವಿಶ್ವವಿದ್ಯಾಲಯದಲ್ಲಿ.

ಬಳ್ಳಾರಿಯಲ್ಲಿ 2010ರಿಂದ ವಿಜಯನಗರ ಶ್ರೀಕೃಷ್ಣದೇವರಾಯರ ಹೆಸರಿನ ವಿಶ್ವವಿದ್ಯಾಲಯವಿದೆ. ಅದೇ ವರ್ಷ ನಮ್ಮ ಜಿಲ್ಲೆಯದೇ ಆದ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಆ ವಿಶ್ವವಿದ್ಯಾಲಯದ ಗ್ರಂಥಾಲಯದ ಒಂದು ಕೋಣೆಯಲ್ಲಿ ಜೀನ್ಸಿನ ಹಳೆಯ ಪ್ಯಾಟರ್ನ್‌ಗಳು, ವಾಷಿಂಗಿಗೆ ಮೊದಲಿನ ಮತ್ತು ನಂತರದ ಬಟ್ಟೆಯ ತುಂಡುಗಳು, ತಾಂಡಾದ ಹೆಂಗಸರು ಹಾಕಿದ ಒಂದೊಂದು ಹೊಲಿಗೆಯ ಮಾದರಿ ಇರಲಿ ಎನ್ನುವುದು ನನ್ನ ಆಸೆ. ಹೊಲಿದವರ ಹೆಸರೂ ಅದರ ಜೊತೆಗಿರಬೇಕು.

ಪಕ್ಕದ ಘಟಕದವರು ನಕಲು ಮಾಡುತ್ತಾರೆ ಎಂದು ಮಾಲೀಕರು ಹಿಂಜರಿಯಬಹುದು. ಈಗ ಓಡುತ್ತಿರುವ ಮಾಲು ಯಾರಿಗೆ ಬೇಕು? ಐದು ವರ್ಷ ಹಳೆಯದನ್ನು ಕೊಡಲಿ. ಅಷ್ಟಕ್ಕೂ, ದೊಡ್ಡ ಬ್ರ್ಯಾಂಡುಗಳ ನಕಲು ಹೊಲಿಯುವವರಿಗೂ ನಮ್ಮಲ್ಲೇನು ಬರವಿಲ್ಲ.

ಲೆಸ್ಟರ್ ಒಂದು ಕಾಲಕ್ಕೆ ಕಾಲುಚೀಲಕ್ಕೆ ಹೆಸರಾದ ಊರು. ಆ ಕಾರ್ಖಾನೆಗಳಲ್ಲಿ ಬಹುಪಾಲು ಇಂದಿಲ್ಲ. ಬಳ್ಳಾರಿಯಲ್ಲಿ ಯಂತ್ರಗಳು ಇನ್ನೂ ಓಡುತ್ತಿವೆ, ಕೇಳಿದರೆ ಹೇಳಲು ಮಾಸ್ಟರ್‌ಗಳಿದ್ದಾರೆ. ಕಟ್ಟಡ, ಅನುದಾನ ಎಂದು ಕಾಯುವ ಅಗತ್ಯವಿಲ್ಲ. ಒಂದು ಕಪಾಟು, ಒಂದು ದಾಖಲೆ ಪುಸ್ತಕ, ಘಟಕದಿಂದ ಘಟಕಕ್ಕೆ ಸುತ್ತಲು ಇಬ್ಬರು ವಿದ್ಯಾರ್ಥಿಗಳು ಸಾಕು.