ರಿವರ್ಬಿಗೂ ಇಂಟರ್‌ನೆಟ್ಟಿಗೂ ಏನಪ್ಪಾ ಸಂಬಂಧ?

ದುಡ್ಡು ಕೊಟ್ಟು ಕೊಂಡ ರಿವರ್ಬ್ ಪ್ಲಗಿನ್ (ರೆಕಾರ್ಡ್ ಮಾಡಿದ ದನಿಗೆ ಸಭಾಂಗಣದಂಥ ಗುಂಗು ಕೊಡುವ ಪುಟ್ಟ ತಂತ್ರಾಂಶ) ಒಂದು ಇವತ್ತು ಬೆಳಿಗ್ಗೆಯಿಂದ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದೆ. ಕ್ರ್ಯಾಕ್ ಮಾಡಿದ್ದಲ್ಲ, ಯಾರಿಂದಲೋ ಕಾಪಿ ಹೊಡೆದಿದ್ದೂ ಅಲ್ಲ. ಬಿಲ್ ಇದೆ, ಇಮೇಲ್ ಇದೆ, ಸೀರಿಯಲ್ ನಂಬರ್ ಇದೆ. ಹಾರ್ಡ್ ಡಿಸ್ಕ್ ಬದಲಾಯಿಸಿದ್ದೆ, ಮತ್ತೆ ಹಾಕಿಕೊಳ್ಳೋಣ ಅಂತ ಕೂತೆ. ಇನ್‌ಸ್ಟಾಲ್ ಆಯಿತು. ಆಮೇಲೆ ಲಾಗಿನ್ ಆಗಿ ಎಂದು ಒಂದು ವಿಂಡೋ ತೆರೆಯಿತು. ಅದರೊಳಗೆ ಏನೂ ಇಲ್ಲ. ಬರೀ ಬಿಳಿ. ಹೆಸರು ಬರೆಯೋಕೆ ಜಾಗ ಇಲ್ಲ, ಒತ್ತೋಕೆ ಬಟನ್ ಇಲ್ಲ.

ಹುಡುಕಿದಾಗ ವಿಷಯ ಗೊತ್ತಾಯಿತು. ಆ ಲೈಸೆನ್ಸ್ ನೋಡಿಕೊಳ್ಳುವ ಪುಟ್ಟ ಪ್ರೋಗ್ರಾಮಿನ ಹೊಟ್ಟೆಯೊಳಗೆ ಒಂದು ಇಡೀ ಕ್ರೋಮ್ ಬ್ರೌಸರ್ ಕೂತಿದೆಯಂತೆ. ನನ್ನ ಕಂಪ್ಯೂಟರಿನಲ್ಲಿರುವ ವಿಂಡೋಸ್ 7ಕ್ಕೆ ಕ್ರೋಮ್ 109ನೇ ಆವೃತ್ತಿಯೇ ಕೊನೆ. 2023ರ ಶುರುವಿನಲ್ಲೇ ನಿಲ್ಲಿಸಿದರು. ಇದರೊಳಗೆ ಕೂತಿರುವುದು ಅದಕ್ಕಿಂತ ಹೊಸದು, ಆದ್ದರಿಂದ ಲಾಗಿನ್ ಪುಟ ಬರುವುದಿಲ್ಲ. ಲಾಗಿನ್ ಆಗದಿದ್ದರೆ ಪ್ಲಗಿನ್ ತೆರೆಯುವುದಿಲ್ಲ. ನೋಡಿ ಮಜಾ! ಪ್ಲಗಿನ್ನಿಗೆ ನನ್ನ ಕಂಪ್ಯೂಟರಿನ ಮೇಲೆ ಯಾವ ತಕರಾರೂ ಇಲ್ಲ. ಹೋದ ತಿಂಗಳವರೆಗೂ ಇದೇ ಯಂತ್ರದಲ್ಲಿ ಚೆನ್ನಾಗಿ ಹಾಡುತ್ತಿತ್ತು. ತಕರಾರು ಇರುವುದು ಬಾಗಿಲು ಕಾಯುವ ಮಹಾಶಯನಿಗೆ.

ನನ್ನ ಕಂಪ್ಯೂಟರ್ ನಿಮಗೆ ಗೊತ್ತಲ್ವಾ. ಶಿವಮೊಗ್ಗಕ್ಕೆ ಬಂದಾಗ ನಮ್ಮನೆ ಹಿಂದಿನ ರೂಮಿನಲ್ಲಿ ಕೂತು ಹಾಡಿದವರೆಲ್ಲ ನೋಡಿದ್ದೀರಿ. 2011ರಲ್ಲಿ ಅಸೆಂಬಲ್ ಮಾಡಿಸಿದ್ದು. ಸೆಕೆಂಡ್ ಜನರೇಷನ್ ಐ5, 8 ಜಿಬಿ ರ್‍ಯಾಮ್, ವಿಂಡೋಸ್ 7. ನನ್ನ ಸುಗಮ ಸಂಗೀತದ ಮಕ್ಕಳ ಮೊದಲ ರೆಕಾರ್ಡಿಂಗ್ ಎಲ್ಲ ಆಗಿದ್ದು ಇದರಲ್ಲೇ. ನಮ್ಮಕ್ಕನ ಮಗ ಬೆಂಗಳೂರಿಂದ ಬಂದವನು ಇದನ್ನು ನೋಡಿ, “ಗುಜರಿಗೆ ಹಾಕಿ ಚಿಕ್ಕಮ್ಮ, ಕೆಜಿ ಲೆಕ್ಕದಲ್ಲಿ ತಗೋತಾರೆ” ಅಂದ. ಅವನ ಫೋನು ವರ್ಷಕ್ಕೊಂದು ಬದಲಾಗುತ್ತದೆ. ಶ್ರುತಿ ಮಾತ್ರ ಇವತ್ತಿಗೂ ಸೇರಿಲ್ಲ. ಇರಲಿ.

ನಾನು ಕೇಳುವುದು ಇಷ್ಟೇ. ಒಂದು ದನಿಯನ್ನು ಹಿಡಿದಿಡೋಕೆ ಎಷ್ಟು ಶಕ್ತಿ ಬೇಕು? ಲೆಕ್ಕ ಹಾಕೋಣ ಬನ್ನಿ. 48 ಕಿಲೋಹರ್ಟ್ಸ್, 24 ಬಿಟ್ ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ (ದನಿಯ ಅಳತೆ), ಒಂದೊಂದಕ್ಕೆ 3 ಬೈಟ್. ಒಟ್ಟು 1,44,000 ಬೈಟ್. ಐದು ನಿಮಿಷದ ಒಂದು ಭಾವಗೀತೆಗೆ ಟ್ರ್ಯಾಕ್ ಒಂದಕ್ಕೆ ಸುಮಾರು 43 ಎಂಬಿ. ಹಾಡು, ತಬಲಾಕ್ಕೆ ಎರಡು ಮೈಕ್, ಕೊಳಲು, ಕೀಬೋರ್ಡಿಗೆ ಎರಡು, ತಂಬೂರಿ, ಕೋರಸ್ ಎಂದು ಎಂಟು ಟ್ರ್ಯಾಕ್ ಒಟ್ಟಿಗೆ ಓಡಿದರೂ ಸೆಕೆಂಡಿಗೆ ಒಂದು ಎಂಬಿ ಚಿಲ್ಲರೆ. ಗಿರ್ರೆಂದು ತಿರುಗುವ ಹಳೇ ಹಾರ್ಡ್ ಡಿಸ್ಕ್ ಕೂಡ ಸೆಕೆಂಡಿಗೆ 100 ಎಂಬಿ ಆಸುಪಾಸು ಓದುತ್ತದೆ. ಅಂದರೆ ನನ್ನ ‘ಗುಜರಿ’ಗೆ ಇದು ಬೆವರೇ ಬಾರದ ಕೆಲಸ.

ಹಾಡುವವರ ಕಿವಿಗೆ ತಡವಾಗಿ ಬರುತ್ತದಲ್ಲ, ಲೇಟೆನ್ಸಿ, ಅದರ ಬಗ್ಗೆಯೂ ಸುಮ್ನೆ ಹೆದರಿಸುತ್ತಾರೆ. ಬಫರ್ ಅನ್ನು, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ದನಿಯ ತುತ್ತನ್ನು, 256 ಸ್ಯಾಂಪಲ್ ಇಟ್ಟರೆ 48 ಕಿಲೋಹರ್ಟ್ಸ್‌ನಲ್ಲಿ 5.3 ಮಿಲಿಸೆಕೆಂಡ್. ಆರು ಅಡಿ ದೂರ ಕೂತ ತಬಲಾದವರ ಪೆಟ್ಟು ಗಾಳಿಯಲ್ಲಿ ನಿಮ್ಮ ಕಿವಿಗೆ ಬರೋಕೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು. ಹೋಗಿ ಬರುವ ಲೆಕ್ಕ ಹಿಡಿದರೆ ಎರಡರಷ್ಟು, ಅದಕ್ಕಿಂತ ಸ್ವಲ್ಪ ಜಾಸ್ತಿ ಅಂದುಕೊಳ್ಳಿ. ಅದೂ ತೊಂದರೆ ಅನ್ನಿಸಿದರೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ, ಆಡಿಯೋ ಇಂಟರ್‌ಫೇಸಿನ ಮೇಲೆ ಡೈರೆಕ್ಟ್ ಮಾನಿಟರ್ ಅನ್ನೋ ಬಟನ್ ಇರುತ್ತದೆ. ಒತ್ತಿದರೆ ಮೈಕಿನ ದನಿ ಕಂಪ್ಯೂಟರಿಗೆ ಹೋಗಿ ಬರುವ ಗೋಜೇ ಇಲ್ಲದೆ ಹೆಡ್‌ಫೋನಿಗೆ ಬರುತ್ತದೆ. ಮಿಕ್ಸ್ ಮಾಡುವಾಗ ಬಫರ್ ಅನ್ನು 1024ಕ್ಕೆ ಏರಿಸಿ, ಉಸಿರು ಬಿಡಲಿ ಪಾಪ. ಭಾರದ ಸಿಂಥ್ (ಕಂಪ್ಯೂಟರೇ ನುಡಿಸುವ ವಾದ್ಯ) ಇದ್ದರೆ ಫ್ರೀಜ್ ಮಾಡಿ. ಅದು ಮಾಮೂಲಿ ಆಡಿಯೋ ಫೈಲ್ ಆಗಿ ಕೂತುಬಿಡುತ್ತದೆ, ಪ್ರೊಸೆಸರಿಗೆ ಆರಾಮ. ನನ್ನಂಥವರೆಲ್ಲ ಹೀಗೇ ನಿಭಾಯಿಸಿಕೊಂಡು ಬಂದಿದ್ದೇವೆ.

ಇನ್ನು ರಿವರ್ಬ್. ಇವತ್ತಿನ ನನ್ನ ಸಿಟ್ಟಿಗೆ ಕಾರಣವಾದ ಪುಣ್ಯಾತ್ಮ. ಕಂಪ್ಯೂಟರಿನಲ್ಲಿ ರಿವರ್ಬ್ ಲೆಕ್ಕ ಹಾಕುವ ದಾರಿಯನ್ನು ಬೆಲ್ ಲ್ಯಾಬ್ಸ್‌ನ ಮ್ಯಾನ್‌ಫ್ರೆಡ್ ಶ್ರೋಡರ್ 1960ರ ದಶಕದ ಶುರುವಿನಲ್ಲೇ ತೋರಿಸಿಕೊಟ್ಟಿದ್ದರು. ದನಿಯನ್ನು ಸ್ವಲ್ಪ ತಡೆದು, ತಗ್ಗಿಸಿ, ಮತ್ತೆ ಅದಕ್ಕೇ ಸೇರಿಸುತ್ತಾ ಹೋಗುವುದು. 1976ರಲ್ಲಿ ಇಎಮ್‌ಟಿ 250 ಎಂಬ ಡಿಜಿಟಲ್ ರಿವರ್ಬ್ ಯಂತ್ರವೇ ಬಂತು. ಆ ಕಾಲದ ಚಿಪ್ಪುಗಳಲ್ಲಿ ಓಡಿದ ಲೆಕ್ಕ ನನ್ನ ಐ5ನಲ್ಲಿ ಓಡುವುದಿಲ್ಲ ಅಂದರೆ ನಂಬಬೇಕಾ? ಓಡುತ್ತದೆ, ಓಡುತ್ತಿತ್ತು. ಓಡದೆ ಇರುವುದು ಲಾಗಿನ್ ಪುಟ, ಆಫರ್ ತೋರಿಸುವ ಪುಟ, ‘ನಿಮಗಾಗಿ ಹೊಸತು’ ಪುಟ. ಜೊತೆಗೆ ಪ್ಲಗಿನ್ನಿನ ಪರದೆಯ ಮೇಲೆ ಮರದ ಪೆಟ್ಟಿಗೆಯ ಚಿತ್ರ, ಹೊಳೆಯುವ ಗುಂಡಿಗಳು, ಓಲಾಡುವ ಮುಳ್ಳು. ಆ ಮುಳ್ಳು ಓಲಾಡೋಕೆ ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಬೇಕಂತೆ. ದನಿ ಕೇಳೋಕೆ ಕಿವಿ ಸಾಕು ಅಂತ ನಾನು ಅಂದುಕೊಂಡಿದ್ದೆ.

“ಹಳೇ ಸಿಸ್ಟಮ್ ಸೇಫ್ ಅಲ್ಲ ಮೇಡಂ” ಎನ್ನುವವರು ಇದ್ದಾರೆ. ನಿಜ, ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ಬೆಂಬಲ ನಿಲ್ಲಿಸಿತು. ಅದಕ್ಕೇ ನಾನು ಇದರ ನೆಟ್ ಕೇಬಲ್ ಕಿತ್ತು ಇಟ್ಟಿದ್ದೇನೆ. ಬ್ಯಾಂಕ್ ಕೆಲಸ ಇದರಲ್ಲಿಲ್ಲ, ಇಮೇಲ್ ಇದರಲ್ಲಿಲ್ಲ. ಇದು ಹಾಡು ಹಿಡಿಯುವ ಯಂತ್ರ, ಅಷ್ಟೇ. ಆ ಕೇಬಲ್ ಮತ್ತೆ ಸಿಕ್ಕಿಸಬೇಕಾದ ಒಂದೇ ಒಂದು ಕಾರಣ ಯಾವುದು ಗೊತ್ತಾ? ಈ ಪ್ಲಗಿನ್ನಿನ ಲಾಗಿನ್! ಸೇಫ್ ಅಲ್ಲ ಅಂತ ಬುದ್ಧಿ ಹೇಳುವವರೇ ನೆಟ್ಟಿಗೆ ಬಾ ಅಂತ ಕೈ ಹಿಡಿದು ಎಳೆಯುತ್ತಾರೆ.

ಇನ್ನೊಂದು ವಾದ: ಹಳೇ ಸಿಸ್ಟಮ್‌ಗಳಲ್ಲೆಲ್ಲ ಪರೀಕ್ಷೆ ಮಾಡುತ್ತಾ ಕೂತರೆ ಕಂಪನಿಗಳಿಗೆ ಖರ್ಚು ಎಷ್ಟಾಗುತ್ತದೆ? ಆಗಲಿ, ಮಾಡಬೇಡಿ. ಹೊಸ ಆವೃತ್ತಿ ಕೇಳಿದವರು ಯಾರು? ನಾನು ಕೊಂಡ ಹಳೇ ಆವೃತ್ತಿಯನ್ನು, ಸೀರಿಯಲ್ ನಂಬರ್ ಹೊಡೆದರೆ ತೆರೆಯುವ ಹಾಗೆ, ಒಂದು ಮೂಲೆಯಲ್ಲಿ ಇಟ್ಟಿದ್ದರೆ ಸಾಕಿತ್ತು. ಅದನ್ನು ಸೈಟಿನಿಂದ ತೆಗೆದುಹಾಕೋಕೂ ಯಾರೋ ಕೂತು ಕೆಲಸ ಮಾಡಿದ್ದಾರಲ್ವಾ? ಅದಕ್ಕೆ ಖರ್ಚಾಗಲಿಲ್ವಾ?

ಮನಸ್ಸಿದ್ದರೆ ಮಾಡಬಹುದು ಎನ್ನೋಕೆ ಸಾಕ್ಷಿ ನನ್ನ ಕಣ್ಣೆದುರೇ ಇದೆ. ನಾನು ರೆಕಾರ್ಡ್ ಮಾಡುವುದು ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ. ನಾವೆಲ್ಲ ಕಾಲೇಜಿನಲ್ಲಿ ಎಂಪಿ3 ಕೇಳುತ್ತಿದ್ದ ವಿನ್ಯಾಂಪ್ ಇತ್ತಲ್ಲ, ಅದನ್ನು ಬರೆದ ಜಸ್ಟಿನ್ ಫ್ರಾಂಕೆಲ್ ಅವರೇ ಇದನ್ನೂ ಶುರು ಮಾಡಿದ್ದು. 2023ರಲ್ಲಿ ಏಳನೇ ಆವೃತ್ತಿ ಬಂತು. ಅದು ನನ್ನ ವಿಂಡೋಸ್ 7ರಲ್ಲಿ ಆರಾಮಾಗಿ ಓಡುತ್ತದೆ. 32 ಬಿಟ್ಟಿನದು ಎಕ್ಸ್‌ಪಿಯಲ್ಲೂ ಓಡುತ್ತದಂತೆ, ಎಕ್ಸ್‌ಪಿ ಸ್ವಾಮಿ! ಇಡೀ ಇನ್‌ಸ್ಟಾಲರ್ 15 ಎಂಬಿ ಆಸುಪಾಸು. ನಮ್ಮ ಫ್ಯಾಮಿಲಿ ಗ್ರೂಪಿನ ಒಂದು ಗುಡ್ ಮಾರ್ನಿಂಗ್ ವಿಡಿಯೋ ಅದಕ್ಕಿಂತ ಭಾರ ಇರುತ್ತದೆ. 60 ದಿನ ಪುಕ್ಕಟೆ ನೋಡಬಹುದು, ನನ್ನಂಥವರಿಗೆ ಲೈಸೆನ್ಸ್ 60 ಡಾಲರ್. ಅದರ ಲೈಸೆನ್ಸ್ ಅಂದರೆ ಒಂದು ಪುಟ್ಟ ಫೈಲ್, ಅಷ್ಟೇ. ಲಾಗಿನ್ ಇಲ್ಲ, ಬಿಳಿ ವಿಂಡೋ ಇಲ್ಲ. ಇಡೀ ಸ್ಟುಡಿಯೋಗೆ 15 ಎಂಬಿ ಸಾಕಾದಾಗ ಒಂದು ರಿವರ್ಬಿಗೆ ಇಷ್ಟೆಲ್ಲ ಡೌಲು ಯಾಕೆ?

ಹೊಸ ಯಂತ್ರ ಬೇಕಾದ ಕೆಲಸಗಳೂ ಇವೆ, ಇಲ್ಲ ಅನ್ನಲ್ಲ. ದೊಡ್ಡ ಆರ್ಕೆಸ್ಟ್ರಾದ ಸ್ಯಾಂಪಲ್ ಲೈಬ್ರರಿ ತೆರೆದರೆ ನನ್ನ 8 ಜಿಬಿ ಎಲ್ಲಿಗೂ ಸಾಲದು. ಹಳೇ ಹಾಡಿನಿಂದ ಗಾಯಕರ ದನಿಯನ್ನು ಮಾತ್ರ ಬೇರೆ ಮಾಡಿಕೊಡುವ ಎಐ ತಂತ್ರಾಂಶ ಇದರಲ್ಲಿ ತೆವಳುತ್ತದೆ. ಸಿನಿಮಾಕ್ಕೆ ಮಾಡುವವರು ತಗೊಳ್ಳಲಿ, ಅವರಿಗೆ ಬೇಕು. ನಮ್ಮ ಬೀದಿಯ ಎಂಟನೇ ಕ್ಲಾಸಿನ ಹುಡುಗಿ ಹಾರ್ಮೋನಿಯಂ ಇಟ್ಟುಕೊಂಡು ಹಾಡುವುದಕ್ಕೆ ಎಂಬತ್ತು ಪಿಟೀಲು ಯಾಕೆ ಬೇಕು?

ಮ್ಯಾಕ್ ತಗೊಳ್ಳಿ ಎನ್ನುವ ಪಂಗಡಕ್ಕೂ ಒಂದು ಮಾತು. ನಿಮ್ಮ ಲಾಜಿಕ್ ಎಂಬ ರೆಕಾರ್ಡಿಂಗ್ ತಂತ್ರಾಂಶ ಒಂದು ಕಾಲದಲ್ಲಿ ವಿಂಡೋಸ್‌ನಲ್ಲೂ ಇತ್ತು. 2002ರಲ್ಲಿ ಆಪಲ್ ಅದರ ಕಂಪನಿಯನ್ನು ಕೊಂಡುಕೊಂಡು ವಿಂಡೋಸ್‌ನವರಿಗೆ ಬಾಗಿಲು ಹಾಕಿತು. 2024ರಲ್ಲಿ ಬಂದ ಲಾಜಿಕ್ ಪ್ರೋ 11ಕ್ಕೆ ಮ್ಯಾಕ್‌ಓಎಸ್ 13.5 ಬೇಕಿತ್ತು. 2017ಕ್ಕಿಂತ ಹಿಂದಿನ ಮ್ಯಾಕ್‌ಗಳಿಗೆ ಆಪಲ್ ಅದನ್ನು ಕೊಡುವುದೇ ಇಲ್ಲ. ಲಕ್ಷಗಟ್ಟಲೆ ಕೊಟ್ಟು ಕೊಂಡವರದ್ದೂ ಇದೇ ಪಾಡು.

ವಿಂಡೋಸ್ 10ರವರು ನಗಬೇಡಿ. 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತು ನಿಮ್ಮ ಸರದಿಯೂ ಬಂತು. ವಿಂಡೋಸ್ 11ಕ್ಕೆ ಟಿಪಿಎಮ್ 2.0 ಎಂಬ ಭದ್ರತೆಯ ಚಿಪ್ಪು ಬೇಕು. ಇಂಟೆಲ್ ಆದರೆ ಒಂದೆರಡು ಮಾದರಿ ಬಿಟ್ಟು ಎಂಟನೇ ಜನರೇಷನ್ ಮೇಲಿನದೇ ಆಗಬೇಕು. ದಾವಣಗೆರೆಯ ನನ್ನ ಗೆಳತಿಯದು 2017ರ ಏಳನೇ ಜನರೇಷನ್ ಐ7, 32 ಜಿಬಿ ರ್‍ಯಾಮ್. ಅಂಥ ಯಂತ್ರಕ್ಕೂ ಯೋಗ್ಯತೆ ಇಲ್ಲವಂತೆ. ಅದೇ ವರ್ಷದ ಕೊನೆಗೆ ಕೊಂಡಿದ್ದರೆ ಯೋಗ್ಯತೆ ಬರುತ್ತಿತ್ತೇನೋ.

ಮನೆಯವರು ಒಂದು ವರ್ಷದಿಂದ “ಹೊಸದು ತಗೋ ಮಾರಾಯ್ತಿ, ಕೊಡಿಸ್ತೀನಿ” ಅಂತ ಹೇಳುತ್ತಲೇ ಇದ್ದಾರೆ. ಅವರಿಗೆ ಗೊತ್ತಿಲ್ಲದ್ದು ಏನೆಂದರೆ, ಟ್ಯೂಷನ್ ಫೀಸಿನಲ್ಲಿ ಉಳಿಸಿದ ಹಣ ನನ್ನ ಹತ್ತಿರವೇ ಇದೆ. (ಈಗ ಗೊತ್ತಾಯಿತು. ನಮಸ್ಕಾರ ರೀ.) ದುಡ್ಡಿನ ಪ್ರಶ್ನೆಯೇ ಅಲ್ಲ ಇದು. ಬರೀ ಹಠ. ಕೆಡದೆ ಇರುವುದನ್ನು ಕೆಟ್ಟಿದೆ ಅಂತ ಯಾರೋ ದೂರದಲ್ಲಿ ಕೂತು ತೀರ್ಮಾನ ಮಾಡಿದರೆ, ನನಗೆ ಮೈಯೆಲ್ಲ ಉರಿಯುತ್ತದೆ. ಆ ಹಣದಲ್ಲಿ ಒಂದು ಒಳ್ಳೇ ಮೈಕ್ ತಗೊಳ್ಳುತ್ತೇನೆ. ಮೈಕಿಗೆ ಯಾರೂ ಲಾಗಿನ್ ಕೇಳುವುದಿಲ್ಲ, ಸದ್ಯಕ್ಕೆ.

ವಿಂಡೋಸ್ ಬದಲು ಲಿನಕ್ಸ್ ಹಾಕಿ, ಆರ್ಡರ್ (Ardour) ಎಂಬ ರೆಕಾರ್ಡಿಂಗ್ ತಂತ್ರಾಂಶ ಬಳಸಿ ಎನ್ನುವವರೇ, ನಿಮ್ಮ ಮೇಲೆ ನನಗೆ ಗೌರವವಿದೆ. ಮಳೆಗಾಲದಲ್ಲಿ ಪಾಠಕ್ಕೆ ಮಕ್ಕಳು ಕಮ್ಮಿ ಆಗುತ್ತಾರೆ, ಆಗ ಕೂತು ನೋಡುತ್ತೇನೆ. ಈಗ ತುರ್ತಾಗಿ ಬೇಕಾಗಿರುವುದು ಬೇರೆ. ಆ ರಿವರ್ಬಿನ ಹಳೇ ಇನ್‌ಸ್ಟಾಲರ್, ಬರೀ ಸೀರಿಯಲ್ ನಂಬರ್ ಕೇಳುತ್ತಿದ್ದ ಕಾಲದ್ದು, ಯಾರದಾದರೂ ಪೆನ್‌ಡ್ರೈವಿನಲ್ಲಿ ಉಳಿದಿದೆಯಾ? ಲೈಸೆನ್ಸ್ ನನ್ನ ಹತ್ತಿರ ಇದೆ, ಅದು ಬೇಡ. ಹೆಸರು ಮೆಸೆಂಜರಿನಲ್ಲಿ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೂವರು ಮಕ್ಕಳು ಹಾಡೋಕೆ ಬರುತ್ತಾರೆ, ಅದರೊಳಗೆ ಸಿಕ್ಕಿದರೆ ಒಳ್ಳೇದು.