ಹನ್ನೊಂದು ಜನ, ಒಂಬತ್ತು ಗ್ರಹ

ಭಾರತದ ಫುಟ್‌ಬಾಲ್ ತಂಡ ಸೋತಾಗಲೆಲ್ಲ ಕೋಚ್ ಸರಿಯಿಲ್ಲ, ಫೆಡರೇಶನ್ ಸರಿಯಿಲ್ಲ, ಮೈದಾನ ಸರಿಯಿಲ್ಲ ಎಂದು ಬೈದಾಡುವ ಮಿತ್ರರಲ್ಲಿ ನನ್ನದೊಂದು ಅರಿಕೆ: ಒಮ್ಮೆ ಪಂಚಾಂಗ ತೆಗೆದು ನೋಡಿ. ನಗಬೇಡಿ ಮಾರಾಯ್ರೆ. ನಮ್ಮ ತಂಡದ ಆಯ್ಕೆಗೆ ಖಚಿತವಾದ ಒಂದು ನೀತಿ ಅಂತ ಇದ್ದದ್ದು ಜ್ಯೋತಿಷಿಗಳ ಕಾಲದಲ್ಲಿ ಮಾತ್ರ.

2022ರ ಜೂನ್ ನೆನಪಿಸಿಕೊಳ್ಳಿ. ಏಷ್ಯನ್ ಕಪ್ ಅರ್ಹತಾ ಸುತ್ತು, ಕೋಲ್ಕತ್ತ, ಎದುರಾಳಿ ಅಫ್ಗಾನಿಸ್ತಾನ. ಆಗಿನ ಕೋಚ್ ಇಗೊರ್ ಸ್ಟಿಮಾಚ್ ಸಾಮಾನ್ಯರಲ್ಲ. 1998ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದ ಕ್ರೊಯೇಷಿಯಾ ತಂಡದ ಡಿಫೆಂಡರ್. ಇಂಥವರು ಪಂದ್ಯಕ್ಕೆ ಎರಡು ದಿನ ಮುಂಚೆ ಆಟಗಾರರ ಪಟ್ಟಿಯನ್ನು ಜ್ಯೋತಿಷಿಯೊಬ್ಬರಿಗೆ ಕಳಿಸಿದರು, ಅವರು ಒಬ್ಬೊಬ್ಬರ ಹೆಸರಿನ ಮುಂದೆಯೂ ಷರಾ ಬರೆದು ಹಿಂದಿರುಗಿಸಿದರು ಎಂದು ಮರುವರ್ಷ ‘ಇಂಡಿಯನ್ ಎಕ್ಸ್‌ಪ್ರೆಸ್’ ವರದಿ ಮಾಡಿತು. ಒಬ್ಬನಿಗೆ ದಿನ ಚೆನ್ನಾಗಿದೆ, ಇನ್ನೊಬ್ಬ ಅತಿಯಾದ ಆತ್ಮವಿಶ್ವಾಸ ಬಿಡಬೇಕು, ಮತ್ತೊಬ್ಬನನ್ನು ಇವತ್ತು ಇಳಿಸದಿರುವುದೇ ಲೇಸು. ಗ್ರಹಬಲ ಸಾಲದ ಇಬ್ಬರು ಹೆಸರಾಂತ ಆಟಗಾರರು ಬೆಂಚಿನಲ್ಲಿ ಕೂತರಂತೆ.

ಫಲಿತಾಂಶ? 86ನೇ ನಿಮಿಷದಲ್ಲಿ ಸುನಿಲ್ ಛೆಟ್ರಿ ಫ್ರೀಕಿಕ್‌ನಿಂದ ಗೋಲು, ಎರಡೇ ನಿಮಿಷದಲ್ಲಿ ಅಫ್ಗಾನರದ್ದು ಸಮಬಲ, ಇಂಜುರಿ ಟೈಮಿನಲ್ಲಿ ಸಹಲ್ ಅಬ್ದುಲ್ ಸಮದ್ ಹೊಡೆದ ವಿಜಯದ ಗೋಲು. ಗ್ರಹಗಳು ಏಳೆಂಟು ನಿಮಿಷದೊಳಗೆ ಮೂರು ಸಲ ಮನಸ್ಸು ಬದಲಾಯಿಸಿದವು ನಿಜ. ಆದರೂ ನಾವು ಏಷ್ಯನ್ ಕಪ್ಪಿಗೆ ಹೋದೆವು. ಫೆಡರೇಶನ್ ಆಗ ಜ್ಯೋತಿಷ್ಯ ಸಂಸ್ಥೆಯೊಂದಕ್ಕೆ ತಂಡವನ್ನು ಹುರಿದುಂಬಿಸುವ ಲೆಕ್ಕದಲ್ಲಿ ಸುಮಾರು 16 ಲಕ್ಷ ರೂಪಾಯಿ ಕೊಟ್ಟಿತೆಂಬ ಸುದ್ದಿ ಬಂದಾಗ ಎಲ್ಲರೂ ಹಾಸ್ಯ ಮಾಡಿದರು. ಆಮೇಲೆ ಇದೇ ಸ್ಟಿಮಾಚ್ ಅವರನ್ನು ನಡುವೆಯೇ ಮನೆಗೆ ಕಳಿಸಿ, ಪರಿಹಾರವೆಂದು ಕೊಡಲು ಒಪ್ಪಿಕೊಂಡದ್ದು 4 ಲಕ್ಷ ಡಾಲರ್. ಯಾವ ಶಾಂತಿಗೆ ಖರ್ಚು ಕಡಿಮೆ ಅಂತ ನೀವೇ ಹೇಳಿ.

2023ರಲ್ಲಿ ನಮ್ಮ ಕಂಠೀರವಕ್ಕೇ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಬಂದಿತ್ತಲ್ಲ. ಪಾಕಿಸ್ತಾನದ ಆಟಗಾರ ಥ್ರೋ ಎಸೆಯಲು ಹೊರಟಾಗ ಕೋಚ್ ಸಾಹೇಬರು ಅವನ ಕೈಯಿಂದ ಚೆಂಡನ್ನೇ ಕೆಡವಿ ಕೆಂಪು ಕಾರ್ಡು ಕಂಡರು. ಒಂದು ಪಂದ್ಯ ಹೊರಗೆ ಕೂತು ಬಂದು, ಕುವೈತ್ ವಿರುದ್ಧ ಇನ್ನೊಂದು. ಕಪ್ ಮಾತ್ರ ನಾವೇ ಗೆದ್ದೆವು. ಕುಜದೋಷ ಕೋಚಿಗೆ, ಗುರುಬಲ ತಂಡಕ್ಕೆ.

ಮುಂದೆ ಬಂದ ಮನೋಲೊ ಮಾರ್ಕೆಜ್ ವಿಚಾರವಾದಿ ಇರಬೇಕು. ಎಫ್‌ಸಿ ಗೋವಾ ಕ್ಲಬ್, ರಾಷ್ಟ್ರೀಯ ತಂಡ ಎರಡಕ್ಕೂ ಏಕಕಾಲಕ್ಕೆ ಕೋಚು. ಎಂಟು ಪಂದ್ಯದಲ್ಲಿ ಗೆದ್ದದ್ದು ಒಂದು, ಅದೂ ಮಾಲ್ಡೀವ್ಸ್ ಮೇಲೆ. ಮಾರಿಷಸ್ ವಿರುದ್ಧ ಹೈದರಾಬಾದಿನಲ್ಲಿ 0-0. ಮಾರಿಷಸ್! ನಾವು ಮಧುಚಂದ್ರಕ್ಕೆ ಹೋಗುವ ದೇಶ.

ಗೋಲು ಹೊಡೆಯುವವರು ಯಾರು ಅನ್ನುವಲ್ಲಿಗೇ ಎಲ್ಲ ಚರ್ಚೆಯೂ ಬಂದು ನಿಲ್ಲುತ್ತದೆ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕ್ಲಬ್ಬುಗಳಿಗೆ ಮುಂಚೂಣಿಯಲ್ಲಿ ಬೇಕಾದ್ದು ವಿದೇಶಿ ಸ್ಟ್ರೈಕರ್. ದೇಸಿ ಹುಡುಗರು ಪಕ್ಕದ ಗೆರೆ ಹಿಡಿದು ಓಡಿ ಕ್ರಾಸ್ ಹಾಕಬೇಕು. ಬೇರೆಯವರ ಮಾತು ಬಿಡಿ, ನಮ್ಮ ಬೆಂಗಳೂರು ಎಫ್‌ಸಿಯಲ್ಲೇ ವೆನೆಜುವೆಲಾದ ಮಿಕು ನಡುವೆ ನಿಂತಾಗ ಛೆಟ್ರಿಯವರೇ ಎಡಬದಿಗೆ ಸರಿದಿದ್ದರು. ಗೆಲ್ಲುತ್ತಿದ್ದೆವು, ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕಿನಲ್ಲಿ ಗಂಟಲು ಹರಿಯುವಂತೆ ಕೂಗಿದವರಲ್ಲಿ ನಾನೂ ಒಬ್ಬ. ವರ್ಷವಿಡೀ ಗೋಲಿನ ಮುಂದಿನ ಬಾಕ್ಸಿನೊಳಗೆ ಕಾಲಿಡದ ಹುಡುಗನಿಗೆ ದೇಶದ ಅಂಗಿ ತೊಡಿಸಿ, ಗೋಲು ಹೊಡಿ ಮಗನೇ ಅಂದರೆ ಅವನು ಅಭ್ಯಾಸಬಲದಿಂದ ಯಾರಿಗಾದರೂ ಪಾಸ್ ಕೊಡಲು ನೋಡುತ್ತಾನೆ. ಗ್ರಹಗಳಾದರೂ ಒಂಬತ್ತಿವೆ, ನಮ್ಮ ತಂಡಕ್ಕೆ ಸ್ಟ್ರೈಕರ್ ತೊಡುವ ಒಂಬತ್ತನೇ ನಂಬರೇ ಇಲ್ಲ.

ಹಾಗಾಗಿ 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕಣ್ಣೀರಿಟ್ಟು ವಿದಾಯ ಹೇಳಿದ ಛೆಟ್ರಿಯವರನ್ನು ಮರುವರ್ಷ ಮಾರ್ಚ್‌ನಲ್ಲಿ ವಾಪಸು ಕರೆಸಲಾಯಿತು, ನಲವತ್ತು ದಾಟಿದ ಮೇಲೆ. ಬಂದವರೇ ಗೋಲು ಹೊಡೆದರು. ಅದು ಅವರ ದೊಡ್ಡತನ. ಅವರಿಗಿಂತ ಹದಿನೈದಿಪ್ಪತ್ತು ವರ್ಷ ಚಿಕ್ಕವರ ಪಾಲಿಗೆ ಅದನ್ನು ಏನೆಂದು ಕರೆಯಬೇಕೋ, ಜ್ಯೋತಿಷಿಗಳೇ ಹೇಳಲಿ.

ಮಾರ್ಕೆಜ್ ನಂತರ ಕೋಚಾಗಿ ಖಾಲಿದ್ ಜಮೀಲ್ ಬಂದ ಹೊಸತರಲ್ಲಿ ಒಮಾನ್ ಅನ್ನು ಪೆನಾಲ್ಟಿಯಲ್ಲಿ ಮಣಿಸಿ ಆಸೆ ಹುಟ್ಟಿಸಿದರು. 2025ರ ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಪುರಕ್ಕೆ 1-2ರಿಂದ ಸೋತು 2027ರ ಏಷ್ಯನ್ ಕಪ್ ದಾರಿ ಮುಚ್ಚಿತು. ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶಕ್ಕೂ ಸೋತದ್ದಾಯಿತು. ಐಎಸ್‌ಎಲ್‌ನ ವಾಣಿಜ್ಯ ಹಕ್ಕಿಗೆ ಕರೆದ ಟೆಂಡರಿನ ಗಡುವು ಅದೇ ತಿಂಗಳು ಮುಗಿದಾಗ ಬಂದ ಬಿಡ್ ಸೊನ್ನೆ. ಮಾರಿಷಸ್ ಪಂದ್ಯದ ಸ್ಕೋರೇ ಅದು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಜ್ಯೋತಿಷಿಗಳನ್ನು ಕದ್ದುಮುಚ್ಚಿ ಕೇಳುವುದು ಬಿಟ್ಟು ಅಧಿಕೃತವಾಗಿ ನೇಮಿಸಿ. ತಂಡದ ಪಟ್ಟಿಯಲ್ಲಿ ಅಂಗಿಯ ನಂಬರ್ ಪಕ್ಕ ನಕ್ಷತ್ರ, ಪಾದ ಬರೆಯಿರಿ. ಬದಲಿ ಆಟಗಾರನನ್ನು ಇಳಿಸುವಾಗ ನಾಲ್ಕನೇ ರೆಫರಿ ಎತ್ತುವ ಹಲಗೆಯಲ್ಲಿ ರಾಹುಕಾಲವೂ ಮಿನುಗಲಿ. ಕೋಚ್ ಹುದ್ದೆಯ ಅರ್ಜಿಗೆ ಜಾತಕ ಕಡ್ಡಾಯವಾಗಲಿ. 2025ರ ಜುಲೈನಲ್ಲಿ ಬಾರ್ಸಿಲೋನಾ ಕ್ಲಬ್ಬಿನ ಮಾಜಿ ಆಟಗಾರ, ಮಾಜಿ ಕೋಚ್ ಷಾವಿ ಹೆಸರಿನಲ್ಲಿ ಅರ್ಜಿಯ ಇ-ಮೇಲ್ ಬಂದಾಗ, ಅವರ ಸಂಬಳ ನಮಗೆ ಎಟುಕದೆಂದು ಕೈಬಿಟ್ಟ ಸುದ್ದಿ ಮೊದಲು ಹೊರಬಿತ್ತು, ಅರ್ಜಿಯೇ ಅಸಲಿಯಲ್ಲವೆಂಬ ಸ್ಪಷ್ಟನೆ ಆಮೇಲೆ ಬಂತು. ಜಾತಕ ಕೇಳಿದ್ದರೆ ಆ ನಕಲಿ ಅರ್ಜಿದಾರ ಅಲ್ಲೇ ಸಿಕ್ಕಿಬೀಳುತ್ತಿದ್ದ. ಮುಂದಿನ ಸಲ ಷಾವಿಯಾಗಿ ಅರ್ಜಿ ಹಾಕುವವರು, ಹುಟ್ಟಿದ ಗಳಿಗೆಯನ್ನು ಸ್ಪೇನಿನ ಸಮಯದಲ್ಲಿ ಬರೆದಿದ್ದೀರೋ ಭಾರತೀಯ ಕಾಲಮಾನದಲ್ಲೋ, ದಯವಿಟ್ಟು ನಮೂದಿಸಿ.